ಮುತ್ಯಾನ ಕೊಟ್ಟಿಗೆ ನಡೆಸಿಕೊಟ್ಟವರಿಗೆ ಶರಣು

ನಮ್ಮ ಮುತ್ಯಾನ (ಅಜ್ಜನ) ಮೊದಲ ವರ್ಷದ ಪುಣ್ಯಸ್ಮರಣೆ ಮುಗಿಯಿತು. ಪುಣೆ ಬಳಿಯ ಮಾಂಜರಿಯ ಕೊಟ್ಟಿಗೆಯಲ್ಲಿ ಅವರು ಬಿಟ್ಟುಹೋದ ಎಮ್ಮೆಗಳೆಲ್ಲ ಇವೆ. ಒಂದನ್ನೂ ಮಾರಿಲ್ಲ, ಒಂದರ ಕೆಚ್ಚಲೂ ಕೆಟ್ಟಿಲ್ಲ. ಮನೆಯವರಷ್ಟೇ ಸೇರಿದ್ದರೆ ಇದು ಆಗುತ್ತಿರಲಿಲ್ಲ. ಯಾರು ಏನು ಮಾಡಿದಿರಿ, ಅದರಿಂದ ಏನು ಉಳಿಯಿತು ಅನ್ನುವುದನ್ನು ಬಿಡಿಸಿ ಹೇಳಿದರೇ ನಮಗೆ ಸಮಾಧಾನ. ಅದಕ್ಕೇ ಈ ಬರಹ.

ಮೊದಲ ಶರಣು ಪಕ್ಕದ ಕೊಟ್ಟಿಗೆಯ ಭಾವುಗೆ. ಮನೆಯಲ್ಲಿ ಸಾವಾದರೂ ಸಂಜೆಗೆ ಕೆಚ್ಚಲು ತುಂಬಿಯೇ ತುಂಬುತ್ತದೆ. ನಾವು ಮಣ್ಣು ಮುಗಿಸಿ ಬರುವಷ್ಟರಲ್ಲಿ ಅವರು ಬಕೆಟ್ ತೊಳೆದಿಟ್ಟುಕೊಂಡು ಕೊಟ್ಟಿಗೆಯಲ್ಲಿದ್ದರು. ಹಿಂಡುವ ಕೈ ಬದಲಾದರೆ ಎಮ್ಮೆ ಆಕಳಿಗಿಂತ ಹೆಚ್ಚು ಹಟ ಹಿಡಿಯುತ್ತದೆ, ಸೊರೆ ಬಿಡುವುದಿಲ್ಲ, ಅಂದರೆ ಹಾಲು ಇಳಿಸುವುದಿಲ್ಲ. ಬೆದರಿದಾಗ ಮೈಯಲ್ಲಿ ಅಡ್ರೆನಲಿನ್ ಏರುತ್ತದೆ, ಹಾಲು ಇಳಿಸಬೇಕಾದ ಆಕ್ಸಿಟೋಸಿನ್ನಿನ ಕೆಲಸವನ್ನು ಅದು ತಡೆಯುತ್ತದೆ. ಹಾಲು ಕೆಚ್ಚಲಲ್ಲೇ ನಿಲ್ಲುತ್ತದೆ, ಕೈಗೆ ಸಿಗುವುದಿಲ್ಲ. ಜಗ್ಗಿ ಹಿಂಡಿದರೆ ಮೊಲೆತೊಟ್ಟಿಗೆ ಗಾಯ, ಮರುದಿನ ಒದೆತ. ಹಾಗೇ ಬಿಟ್ಟರೆ ಉಳಿದ ಹಾಲಿನಿಂದ ಕೆಚ್ಚಲು ಬಾವು. ಎರಡರ ನಡುವೆ ದಾರಿ ಬಹಳ ಸಣ್ಣದು.

ಭಾವು ಆ ದಾರಿಯಲ್ಲೇ ನಡೆದರು. ಮುತ್ಯಾನ ಕಂಬಳಿಯನ್ನೇ ಹೊದ್ದು ಒಳಗೆ ಹೋದರು, ಎಮ್ಮೆಗೆ ಪರಿಚಯದ ವಾಸನೆ ಸಿಗಲಿ ಎಂದು. ಮುತ್ಯಾ ಹಿಂಡುತ್ತಿದ್ದ ವೇಳೆ, ಎಮ್ಮೆಗಳ ಸರದಿ, ಕೂರುವ ಬಲಮಗ್ಗಲು, ಯಾವುದನ್ನೂ ಬದಲಿಸಲಿಲ್ಲ. ಮೊದಲು ಕರು ಬಿಟ್ಟು ಚೀಪಿಸುವುದು. ಆಮೇಲೆ ಉಗುರುಬೆಚ್ಚಗಿನ ನೀರಿನಿಂದ ಕೆಚ್ಚಲು ತೊಳೆದು ಒಣಬಟ್ಟೆಯಿಂದ ಒರೆಸುವುದು. ತೊಟ್ಟು ತುಂಬಿ ಬಿಗಿಯಾಗುವ ತನಕ, ಎರಡು ನಿಮಿಷವೇ ಆಗಲಿ, ಕೈ ಹಚ್ಚದೆ ಕಾಯುವುದು. ಸೊರೆ ಬಿಟ್ಟ ಮೇಲೆ ಮಾತ್ರ ತಡ ಮಾಡುವಂತಿಲ್ಲ. ಆ ಹಾಲು ಇಳಿಯುವುದು ಐದಾರು ನಿಮಿಷವಷ್ಟೇ, ಅಷ್ಟರಲ್ಲಿ ಮುಗಿಸಬೇಕು. ಹಿಂಗೆಚ್ಚಲಲ್ಲಿ ಹಾಲು ಹೆಚ್ಚಿರುವುದರಿಂದ ಅದಕ್ಕೆ ಹೆಚ್ಚು ಹೊತ್ತು. ಮುಷ್ಟಿ ತುಂಬ ಹಿಡಿದು ಮೇಲಿನ ಬೆರಳಿನಿಂದ ಕೆಳಗಿನದಕ್ಕೆ ಒತ್ತುತ್ತ ಬರುವುದು. ಹೆಬ್ಬೆರಳು ಮಡಚಿ ಒತ್ತಿದರೆ ತೊಟ್ಟಿನ ಒಳಪದರ ಜಜ್ಜಿ ಗಂಟಾಗುತ್ತದೆ, ಮುಂದೆ ಆ ತೊಟ್ಟಿನಿಂದ ಹಾಲು ನೆಟ್ಟಗೆ ಬರುವುದಿಲ್ಲ.

ಹಿಂಡಿದ ಕೂಡಲೇ ಗೋದಲಿಗೆ ಕಣಿಕೆ (ಒಣ ಜೋಳದ ದಂಟು) ಹಾಕುತ್ತಿದ್ದರು. ತೊಟ್ಟಿನ ಬಾಯಿ ಮುಚ್ಚಿಕೊಳ್ಳಲು ಅರ್ಧ ತಾಸು ಬೇಕು. ಅಷ್ಟರೊಳಗೆ ಎಮ್ಮೆ ಸಗಣಿ ನೆಲದಲ್ಲಿ ಮಲಗಿದರೆ ರೋಗ ನೇರ ಒಳಗೆ ಹೋಗುತ್ತದೆ. ಮೇವು ಮುಂದಿದ್ದರೆ ನಿಂತೇ ಇರುತ್ತದೆ. ಎರಡು ಎಮ್ಮೆ ಕೆಲವು ದಿನ ಹಟ ಮಾಡಿದಾಗ ಆಕ್ಸಿಟೋಸಿನ್ ಇಂಜೆಕ್ಷನ್ ಚುಚ್ಚಿ ಹಾಲು ಇಳಿಸಿರಿ ಎಂದವರಿದ್ದರು. ಭಾವು ಒಪ್ಪಲಿಲ್ಲ. ಡಾಕ್ಟರ ಚೀಟಿಯಿಲ್ಲದೆ ಅದನ್ನು ತರುವುದೇ ಕಾನೂನಿಗೆ ವಿರುದ್ಧ. ಮೇಲಾಗಿ ಅದು ರೂಢಿಯಾದ ಎಮ್ಮೆ ಸೂಜಿಯಿಲ್ಲದೆ ಸೊರೆ ಬಿಡುವುದೇ ಕಷ್ಟ. ಮುತ್ಯಾ ಕೊನೆಯವರೆಗೂ ಕೊಟ್ಟಿಗೆಯೊಳಗೆ ಆ ಸೂಜಿ ಬರಲು ಬಿಡಲಿಲ್ಲ. ಅವರು ಇಲ್ಲದಾಗಲೂ ಬರದಂತೆ ನೋಡಿಕೊಂಡ ಭಾವು ನಮಗೆ ಮನೆಯ ಹಿರಿಯರೇ.

ಹಡಪ್ಸರ್, ಮಗರಪಟ್ಟಾ ಕಡೆಯ ರತೀಬದ (ದಿನಾ ಹಾಲು ಹಾಕಿಸಿಕೊಳ್ಳುವ ವರ್ತನೆಯ) ಮನೆಗಳಿಗೆ ಎರಡನೆಯ ಶರಣು. ಆ ವಾರಗಳಲ್ಲಿ ಹಾಲು ತೆಳುವಾಗಿತ್ತು, ಕೆನೆ ಕಟ್ಟುತ್ತಿರಲಿಲ್ಲ. ನಿಮಗೆ ಗೊತ್ತಾಗಿಯೂ ಒಬ್ಬರೂ ರತೀಬ ಬಿಡಲಿಲ್ಲ, ನೀರು ಹಾಕಿದಿರಾ ಎಂದು ಕೇಳಲಿಲ್ಲ. ಕಾರಣ ಈಗ ಹೇಳುತ್ತೇವೆ. ಹಿಂಡುವಾಗ ಮೊದಲ ಧಾರೆ ತೆಳು, ಕೊನೆಯ ಧಾರೆ ಗಟ್ಟಿ. ಫ್ಯಾಟಿನ ದೊಡ್ಡ ಪಾಲು ಆ ಕೊನೆಯ ಹಾಲಿನಲ್ಲೇ ಇರುತ್ತದೆ. ಎಮ್ಮೆ ಪೂರ್ತಿ ಇಳಿಸದಿದ್ದಾಗ ಕೊನೆಯದು ಒಳಗೇ ಉಳಿಯುತ್ತದೆ, ಬಕೆಟ್ಟಿಗೆ ಬರುವುದು ತೆಳು ಹಾಲು. ಹಾಲಿಗೆ ನೀರು ಬೆರೆತಿದೆಯೇ ಎಂದು ನೋಡುವ ಲ್ಯಾಕ್ಟೋಮೀಟರ್ ಮಾತ್ರ ಇದನ್ನು ಹಿಡಿಯುವುದಿಲ್ಲ, ಯಾಕೆಂದರೆ ಫ್ಯಾಟ್ ಕಡಿಮೆಯಾದಷ್ಟೂ ಅದರ ಅಂಕ ಏರುತ್ತದೆ. ಕೆನೆ ನೋಡಿಯೂ ನಂಬಿದ ನಿಮ್ಮ ಋಣ ದೊಡ್ಡದು.

ಮೇವಿನ ವ್ಯಾಪಾರಿ ಕಾಕಾ ಹಣ ಕೇಳದೆ ಮೂಟೆ ಇಳಿಸಿದರು. ಅದಕ್ಕಿಂತ ದೊಡ್ಡ ಉಪಕಾರವೆಂದರೆ ಅದೇ ಹಿಂಡಿ, ಅದೇ ಬೂಸಾ ತಂದುಕೊಟ್ಟದ್ದು. ಮೇವು ಬದಲಿಸುವುದಿದ್ದರೆ ಎಂಟು ಹತ್ತು ದಿನ ಹಳೆಯದರಲ್ಲಿ ಹೊಸದನ್ನು ಬೆರೆಸುತ್ತ ಹೋಗಬೇಕು, ಒಮ್ಮೆಲೇ ಬದಲಿಸಿದರೆ ಮೆಲುಕು ನಿಲ್ಲುತ್ತದೆ. ಮುತ್ಯಾನ ಲೆಕ್ಕ ಹೀಗಿತ್ತು: ಎಮ್ಮೆಯ ಮೈಗೆಂದು ದಿನಕ್ಕೆ ಒಂದೂವರೆ ಕಿಲೋ ದಾಣಿ (ಹಿಂಡಿ, ಬೂಸಾದ ಮಿಶ್ರಣ), ಅದರ ಮೇಲೆ ಎರಡು ಲೀಟರ್ ಹಾಲಿಗೆ ಒಂದು ಕಿಲೋದಂತೆ. ಎಂಟು ಲೀಟರಿನ ಎಮ್ಮೆಗೆ ಐದೂವರೆ ಕಿಲೋ, ಎರಡು ಹೊತ್ತಿಗೆ ಹಂಚಿ. ಹಸಿಮೇವು 20ರಿಂದ 25 ಕಿಲೋ, ಕಣಿಕೆ ಐದಾರು ಕಿಲೋ, ಖನಿಜದ ಪುಡಿ 50 ಗ್ರಾಂ. ಕಬ್ಬಿನ ಹಂಗಾಮಿನಲ್ಲಿ ಸೋಗೆ ಅಗ್ಗವಾಗಿ ಸಿಗುತ್ತದೆಂದು ಅದನ್ನೇ ತುಂಬಬಾರದು. ಸೋಗೆಯ ಆಕ್ಸಲೇಟ್ ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟುಕೊಳ್ಳುತ್ತದೆ, ಈದ ಎಮ್ಮೆ ಏಳಲಾರದೆ ಕೂತುಬಿಡಬಹುದು. ಪಂಢರಪುರಕ್ಕೆ ಹೋಗುವ ತುಕಾರಾಮ ಮಹಾರಾಜರ ಪಾಲಖಿ (ಪಲ್ಲಕ್ಕಿ) ಸೋಲಾಪುರ ರಸ್ತೆಗೆ ಬರುವ ದಿನ ಗಾಡಿ ಓಡಾಡುವುದಿಲ್ಲ. ಅದನ್ನು ನೆನಪಿಟ್ಟು ಕಾಕಾ ಹಿಂದಿನ ರಾತ್ರಿಯೇ ಮೇವು ತಂದು ಹಾಕಿದ್ದರು.

ನಮ್ಮ ಓಣಿಯ ಮಾವಶಿಗೆ ಒಂದು ವಿಶೇಷ ಮಾತು. ಕಾರ್ಯದ ದಿನ ಅನ್ನ, ಹೋಳಿಗೆ, ಚಪಾತಿ ಬಹಳ ಉಳಿದವು. ಬಂದವರು ಭಕ್ತಿಯಿಂದಲೇ ಅದನ್ನು ಎಮ್ಮೆಗಳಿಗೆ ಹಾಕಲು ಹೊರಟರು. ಮಾವಶಿ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತರು. ಬೇಯಿಸಿದ ಅನ್ನ, ಹಿಟ್ಟು, ಬೆಲ್ಲ ಒಮ್ಮೆಲೇ ಹೊಟ್ಟೆಗೆ ಬಿದ್ದರೆ ಎಮ್ಮೆಯ ದೊಡ್ಡ ಹೊಟ್ಟೆಯಲ್ಲಿ ಬೇಗ ಹುಳಿಯುತ್ತದೆ, ಆಮ್ಲ ಏರುತ್ತದೆ, ಮೆಲುಕು ನಿಂತು ಒಂದೆರಡು ದಿನದಲ್ಲಿ ಎಮ್ಮೆ ಸಾಯಲೂಬಹುದು. ಮದುವೆ, ಜಾತ್ರೆಗಳ ಉಳಿದ ಊಟದಿಂದ ದನ ಸಾಯುವುದು ಹೀಗೆಯೇ. ಎಲ್ಲಿಯಾದರೂ ಇಂಥದ್ದಾದರೆ ದಾಣಿ ನಿಲ್ಲಿಸಿ, ಮನೆಮದ್ದಿಗೆ ಕಾಯದೆ 1962ಕ್ಕೆ ಫೋನ್ ಮಾಡಿ, ಪಶುವೈದ್ಯರು ಸಿಗುತ್ತಾರೆ.

ಡಾಕ್ಟರ್ ಸಾಹೇಬರು ಬಂದ ಕೂಡಲೇ ಕೇಳಿದ್ದು ಮುತ್ಯಾನ ವಹಿ. ಎಮ್ಮೆಗೊಂದು ಪುಟ: ಹೆಸರು, ಕಿವಿಬಿಲ್ಲೆಯ ಸಂಖ್ಯೆ, ಬೆದೆಗೆ ಬಂದ ದಿನ, ಗಬ್ಬಕ್ಕೆಂದು ಕಟ್ಟಿಸಿದ ದಿನ, 21 ದಿನಕ್ಕೆ ಮತ್ತೆ ಬೆದೆಗೆ ಬಂತೋ ಇಲ್ಲವೋ, ಗಬ್ಬ ನಿಂತದ್ದು ಪರೀಕ್ಷೆಯಾದ ದಿನ, ಈಯುವ ದಿನ. ಕಟ್ಟಿಸಿದ ದಿನಕ್ಕೆ ಹತ್ತು ತಿಂಗಳು ಹತ್ತು ದಿನ ಕೂಡಿಸುವುದು ಅವರ ರೂಢಿ. ಬೇಸಿಗೆಯಲ್ಲಿ ಎಮ್ಮೆ ಕೂಗದೆಯೇ ಬೆದೆಗೆ ಬಂದು ಹೋಗುತ್ತದೆ, ಅದೂ ಹೆಚ್ಚಾಗಿ ರಾತ್ರಿ. ಅದಕ್ಕೇ ನಸುಕಿನಲ್ಲಿ ಬಾಲದ ಕೆಳಗೆ ಲೋಳೆ ಇದೆಯೇ ಎಂದು ನೋಡಿ ಬರೆದಿಡುತ್ತಿದ್ದರು. ಆ ವಹಿ ಇದ್ದದ್ದರಿಂದಲೇ ಚಂದ್ರಿ ಎಂಬ ಪಂಢರಪುರಿ ಎಮ್ಮೆಯ ಹಾಲು ಬತ್ತಿಸುವ ಕಾಲ ಬಂದಿದೆ ಎಂದು ಡಾಕ್ಟರು ಹಿಡಿದರು. ಈಯುವುದಕ್ಕೆ ಎರಡು ತಿಂಗಳು ಮೊದಲು ಹಿಂಡುವುದು ನಿಲ್ಲಲೇಬೇಕು, ಇಲ್ಲದಿದ್ದರೆ ಮುಂದಿನ ಸೂಲಿಗೆ ಕೆಚ್ಚಲು ತುಂಬುವುದಿಲ್ಲ, ಕರುವೂ ಸೊರಗುತ್ತದೆ. ಮೊದಲು ದಾಣಿ ಇಳಿಸಿ, ದಿನಕ್ಕೆ ಒಂದು ಹೊತ್ತು, ಆಮೇಲೆ ದಿನ ಬಿಟ್ಟು ದಿನ ಹಿಂಡಿ, ಕೊನೆಗೆ ಪೂರ್ತಿ ನಿಲ್ಲಿಸಿ, ನಾಲ್ಕೂ ತೊಟ್ಟಿಗೆ ಟ್ಯೂಬಿನ ಔಷಧ ಏರಿಸಿದರು.

ಚಂದ್ರಿ ಈದ ರಾತ್ರಿಯೂ ಅವರೇ ಬಂದರು. ಕರುವಿನ ಹೊಕ್ಕುಳ ಬಳ್ಳಿಯನ್ನು ಹೊಟ್ಟೆಯಿಂದ ಎರಡು ಬೆರಳು ಬಿಟ್ಟು ದಾರ ಕಟ್ಟಿ ಕತ್ತರಿಸಿ ಅಯೋಡಿನ್ನಿನಲ್ಲಿ ಅದ್ದಿದರು. ಒಂದು ತಾಸಿನೊಳಗೆ ಗಿಣ್ಣದ ಹಾಲು ಕುಡಿಸಿದರು. ಮೂವತ್ತು ಕಿಲೋ ಕರುವಿಗೆ ಮೊದಲ ದಿನ ಮೂರು ಲೀಟರಾದರೂ ಹೋಗಬೇಕು. ಗಿಣ್ಣದಲ್ಲಿರುವ ರೋಗ ತಡೆಯುವ ಶಕ್ತಿಯನ್ನು ಕರುವಿನ ಕರುಳು ಹೀರಿಕೊಳ್ಳುವುದು ಮೊದಲ ದಿನ ಮಾತ್ರ, ತಾಸು ಕಳೆದಂತೆಲ್ಲ ಅದೂ ಕಡಿಮೆ. ಮಾಸು ಬೀಳಲು ತಡವಾದಾಗ ಅದಕ್ಕೆ ಕಲ್ಲು ಕಟ್ಟಿರಿ ಎಂಬ ಮಾತು ಬಂತು. ಹಾಗೆ ಜಗ್ಗಿದರೆ ಗರ್ಭಕೋಶವೇ ಹರಿಯಬಹುದು, ಹೊರಗೂ ಬರಬಹುದು. ಹನ್ನೆರಡು ತಾಸು ಕಾಯೋಣ ಎಂದರು ಡಾಕ್ಟರು, ಬೆಳಗಾಗುವುದರೊಳಗೆ ತಾನೇ ಬಿತ್ತು. ಹತ್ತನೆಯ ದಿನ ಕರುವಿಗೆ ಜಂತಿನ ಔಷಧ ಕುಡಿಸಿದರು. ಎಮ್ಮೆಗರುವಿಗೆ ಜಂತು ತಾಯಿಯ ಹಾಲಿನಿಂದಲೇ ಬರುತ್ತದೆ, ಅನೇಕ ಕರುಗಳು ಸಾಯುವುದು ಅದರಿಂದಲೇ. ಮಳೆಗೆ ಮುಂಚೆ ಘಟಸರ್ಪದ (ಗಂಟಲುಬೇನೆಯ) ಲಸಿಕೆ, ಆರು ತಿಂಗಳಿಗೊಮ್ಮೆ ಕಾಲುಬಾಯಿಯದು, ಎಲ್ಲವನ್ನೂ ಅವರೇ ನೆನಪಿಸಿ ಹಾಕಿಸಿದರು.

ಕರು ಕುಡಿದು ಉಳಿದ ಗಿಣ್ಣವನ್ನು ಓಣಿಗೆಲ್ಲ ಹಂಚುವುದು ಮುತ್ಯಾನ ಕಾಲದ ಪದ್ಧತಿ. ಈ ಸಲ ಆಯಿ (ಅಜ್ಜಿ) ಅದನ್ನು ತಪ್ಪಿಸಲಿಲ್ಲ. ಮೊದಲ ದಿನದ ಗಿಣ್ಣ ಒಂದು ಪಾಲಿಗೆ ಮಾಮೂಲು ಹಾಲು ಎರಡು ಪಾಲು, ಬೆಲ್ಲ, ಏಲಕ್ಕಿ. ಹಬೆಯಲ್ಲಿ ಇಪ್ಪತ್ತು ನಿಮಿಷ. ಮರಾಠಿ ಮನೆಯವರು ಖರವಸ ಬಂತು ಎಂದು ಬಟ್ಟಲು ಹಿಡಿದು ಬಂದಿರಿ, ಆಯಿಯ ಜೊತೆ ಕೂತು ಮುತ್ಯಾನ ಮಾತಾಡಿದಿರಿ. ಆಯಿ ಅಂದು ಹೊಟ್ಟೆತುಂಬ ಉಂಡರು. ನಿಮ್ಮ ಬಟ್ಟಲಿಗೆ ನಾವು ಹಾಕಿದ್ದಕ್ಕಿಂತ ನೀವು ಕೊಟ್ಟುಹೋದದ್ದೇ ಹೆಚ್ಚು.

ಕಾಗದಪತ್ರದ ಕೆಲಸಕ್ಕೆ ಓಡಾಡಿದ ಮಿತ್ರರಿಗೂ ವಂದನೆ. ಹಳದಿ ಕಿವಿಬಿಲ್ಲೆಯ 12 ಅಂಕಿಗಳು ಮಾಲಕನ ಹೆಸರಿಗೆ ನೋಂದಣಿಯಾಗಿರುತ್ತವೆ. ಮಾಲಕ ತೀರಿಕೊಂಡರೆ ಆ ನೋಂದಣಿಯನ್ನೂ ವಿಮೆಯನ್ನೂ ವಾರಸುದಾರರ ಹೆಸರಿಗೆ ಮಾಡಿಸಬೇಕು, ಇಲ್ಲವಾದರೆ ಎಮ್ಮೆ ಸತ್ತಾಗ ವಿಮೆ ಸಿಗುವುದು ಕಷ್ಟ. ದುಃಖದಲ್ಲಿದ್ದ ಮನೆಗೆ ಇದು ತೋಚುವ ವಿಷಯವಲ್ಲ. ನಿಮಗೆ ತೋಚಿತು.

ಕಾರ್ಯಕ್ಕೆಂದು ತಂದ ಹಾಲಿನ ಕ್ಯಾನುಗಳು, ದೊಡ್ಡ ಪಾತೇಲಿಗಳು ಕೆಲವು ನಮ್ಮಲ್ಲೇ ಉಳಿದಿವೆ. ತೊಳೆದು ಕೊಟ್ಟಿಗೆಯ ಅಟ್ಟದ ಮೇಲೆ ಇಟ್ಟಿದ್ದೇವೆ, ಸಂಜೆ ಹಾಲು ಹಿಂಡುವ ವೇಳೆಗೆ ಬಂದರೆ ಯಾರಾದರೂ ಇರುತ್ತಾರೆ. ಮುತ್ಯಾನ ವಹಿಯ ಮಾದರಿಯಲ್ಲಿ ಖಾಲಿ ಪುಟಗಳನ್ನು ಗೀಟು ಹಾಕಿ ಝೆರಾಕ್ಸ್ ಮಾಡಿಸಿದ್ದೇವೆ. ಎಮ್ಮೆ ಸಾಕುವವರು ಎಷ್ಟು ಬೇಕೋ ಅಷ್ಟು ಒಯ್ಯಿರಿ.