ಹೆಂಚು ತಟ್ಟಿ ನೋಡಿದ ಅಣ್ಣನಿಗೆ

ಮಡಿಕೇರಿ ಹತ್ತಿರದ ನಮ್ಮ ಬಡಾವಣೆಯ ಸಮುದಾಯ ಭವನ 2018ರ ಆಗಸ್ಟ್ ಮಳೆಯ ನಂತರ ಬೀಗ ಹಾಕಿಕೊಂಡೇ ಇತ್ತು. ನಾವು ಶ್ರಮದಾನಕ್ಕೆ ಇಳಿದ ಮೊದಲ ಭಾನುವಾರ, ದಾರಿಯಲ್ಲಿ ಹೋಗುತ್ತಿದ್ದ ನೀವು ಜೀಪು ನಿಲ್ಲಿಸಿ ಏಣಿ ಹತ್ತಿದಿರಿ. ಒಂದೊಂದೇ ಮಂಗಳೂರು ಹೆಂಚನ್ನು ಬೆರಳ ಗಂಟಿನಿಂದ ತಟ್ಟಿ, ಕಿವಿಗೊಟ್ಟು, ‘ಟಣ್’ ಅಂದದ್ದನ್ನು ಉಳಿಸಿ, ಸದ್ದು ಒಡೆದದ್ದನ್ನು ಮಾತ್ರ ಕೆಳಗಿಳಿಸಿದಿರಿ. ಹೊಸ ಹೆಂಚಿಗೆಂದು ಕೂಡಿಸಿದ್ದ ದುಡ್ಡು ಅರ್ಧಕ್ಕಿಂತ ಹೆಚ್ಚು ಉಳಿಯಿತು. ಅದರಲ್ಲೇ ಮೈದಾನದ ಸುತ್ತ ಚರಂಡಿ ತೋಡಿಸಿದೆವು; ಕೊಡಗಿನ ಮಳೆಗೆ ನೀರು ಹರಿದುಹೋಗದ ಮೈದಾನ ಗದ್ದೆಯೇ ಸರಿ. 1997ರಲ್ಲಿ ಕರಡ ಗ್ರಾಮದಲ್ಲಿ ಕೊಡವ ಮನೆತನಗಳ ನಡುವಿನ ಕೌಟುಂಬಿಕ ಹಾಕಿ ಪಂದ್ಯಾವಳಿ ಶುರುವಾದ ಜಿಲ್ಲೆಯಲ್ಲಿ ನಮ್ಮ ಮಕ್ಕಳು ರಸ್ತೆ ಮೇಲೆ ಆಡುತ್ತಿದ್ದರು. ಈಗ ಸಂಜೆಯಾದರೆ ಸ್ಟಿಕ್ಕುಗಳ ಸದ್ದು.

ಹೆಸರು ಕೇಳಿದರೆ ‘ಮೊದಲು ಕೆಲಸ ಮುಗೀಲಿ’ ಅಂದಿರಿ. ಮುಗಿಯುವಷ್ಟರಲ್ಲಿ ಹೊರಟೇಬಿಟ್ಟಿದ್ದಿರಿ. ತುಂಬು ಮನಸ್ಸಿನ ಧನ್ಯವಾದ, ಅಣ್ಣ. ನಿಮ್ಮ ಛತ್ರಿ ಭವನದ ಬಾಗಿಲ ಹಿಂದೆಯೇ ಇದೆ.