ಸ್ಟ್ಯಾಂಡ್ ಕಂಡ ಮಾತ್ರಕ್ಕೆ ಮಗು ಸತ್ತಿತ್ತು ಎಂದಲ್ಲ

ಮಾನ್ಯ ಸಂಪಾದಕರೆ,

ವಿಕ್ಟೋರಿಯಾ ರಾಣಿಯ ಕಾಲದ ಮಕ್ಕಳ ಫೋಟೊದಲ್ಲಿ ಪಾದದ ಹಿಂದೆ ಕಬ್ಬಿಣದ ಸ್ಟ್ಯಾಂಡಿನ ಬುಡ ಕಂಡರೆ ಅದು ಶವವನ್ನು ನಿಲ್ಲಿಸಿ ತೆಗೆದದ್ದು ಎಂಬ ಮಾತು ವಾಟ್ಸ್‌ಆ್ಯಪ್‌ನಿಂದ ಪುರವಣಿಗಳವರೆಗೂ ಹಬ್ಬಿದೆ. ಶುದ್ಧ ಸುಳ್ಳು. ಸ್ಟ್ಯಾಂಡಿನ ಮೇಲ್ತುದಿಯ ಕವಲು ತಲೆ ಓಲಾಡದಂತೆ ಹಿಂದಲೆಗೆ ತಾಗಿಕೊಂಡಿರುತ್ತಿತ್ತು, ಅಷ್ಟೆ. ಹೆಣದ ಭಾರ ಅದು ಹೊರಲಾರದು. ತೀರಿಹೋದ ಮಕ್ಕಳ ಫೋಟೊ ತೆಗೆಸುತ್ತಿದ್ದುದೇನೋ ನಿಜ; ಆದರೆ ಸಾಮಾನ್ಯವಾಗಿ ಹಾಸಿಗೆಯಲ್ಲಿ ಇಲ್ಲವೇ ತಾಯಿಯ ಮಡಿಲಲ್ಲಿ, ನಿದ್ದೆ ಹೋದಂತೆ ಮಲಗಿಸಿ.

ಫ್ರೆಡರಿಕ್ ಸ್ಕಾಟ್ ಆರ್ಚರ್ 1851ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಗಾಜಿನ ಮೇಲೆ ಕೊಲೋಡಿಯನ್ ಎಂಬ ಅಂಟುದ್ರವ ಸುರಿದು, ಬೆಳಕು ಹಿಡಿಯುವಂತಾಗಲು ಸಿಲ್ವರ್ ನೈಟ್ರೇಟ್‌ನಲ್ಲಿ ಮೂರ್ನಾಲ್ಕು ನಿಮಿಷ ಅದ್ದಿ, ಹಸಿ ಇರುವಾಗಲೇ ಫೋಟೊ ತೆಗೆದು ಡೆವಲಪ್ ಮಾಡಿ ಮುಗಿಸಬೇಕು. ಒಣಗಿತೋ, ಪ್ಲೇಟು ಕೆಟ್ಟಿತು. ಮನೆಯೊಳಗಿನ ಬೆಳಕು ಇದಕ್ಕೆ ಸಾಲದು. ಹಾಗಾಗಿ ಎಷ್ಟೋ ಸಲ ಅಂಗಳದಲ್ಲೇ ರತ್ನಗಂಬಳಿ ಹಾಸಿ, ಕುರ್ಚಿ ಇಟ್ಟು, ಹಿಂದೆ ಬಟ್ಟೆ ಇಳಿಬಿಟ್ಟು ಒಳಮನೆಯ ನೋಟ ಕಟ್ಟುತ್ತಿದ್ದರು. ನೇರ ಬಿಸಿಲಲ್ಲಿ ಮಕ್ಕಳು ಕಣ್ಣು ಕಿರಿದು ಮಾಡುತ್ತಾರೆ, ಕಣ್ಣಿನ ಗುಳಿ ಕಪ್ಪಾಗುತ್ತದೆ. ಗೋಡೆಯ ನೆರಳೇ ವಾಸಿ. ನೆರಳಲ್ಲಿ ಕೆಲವು ಸೆಕೆಂಡುಗಳಾದರೂ ಲೆನ್ಸು ತೆರೆದಿರಬೇಕು, ಮಂದ ಲೆನ್ಸಾದರೆ ಇನ್ನೂ ಹೆಚ್ಚು. ನಾಲ್ಕು ವರ್ಷದ ಮಗು ಅಷ್ಟು ಹೊತ್ತು ಮಿಸುಕದೆ ನಿಂತೀತೆ? ‘ಆಲಿಸ್ ಇನ್ ವಂಡರ್‌ಲ್ಯಾಂಡ್’ ಬರೆದ ಲೂಯಿಸ್ ಕ್ಯಾರಲ್ 1858ರಲ್ಲಿ ಆಕ್ಸ್‌ಫರ್ಡ್‌ನ ಕಾಲೇಜೊಂದರ ಮುಖ್ಯಸ್ಥ (ಡೀನ್) ಇದ್ದ ಮನೆಯ ತೋಟದಲ್ಲಿ ತೆಗೆದ, ಆ ಡೀನ್‌ರ ಮಗಳು ಆಲಿಸ್ ಲಿಡೆಲ್ ಚಿತ್ರ ನೋಡಿ: ಹುಡುಗಿ ಕಲ್ಲುಗೋಡೆಗೆ ಒರಗಿದ್ದಾಳೆ. ಆಸರೆಗೆ ಗೋಡೆಯೇ ಆಯಿತು.

ಕಣ್ಣು ಬಿಳಿಚಿಕೊಂಡಿದೆ ಎಂಬ ಇನ್ನೊಂದು ‘ಪುರಾವೆ’ಯೂ ನಿಲ್ಲದು. ಆ ಪ್ಲೇಟಿಗೆ ನೀಲಿ-ನೇರಳೆ ಬೆಳಕು ಬಿಟ್ಟರೆ ಹೆಚ್ಚೇನೂ ಕಾಣದು. ನೀಲಿ ಕಣ್ಣು ಬೆಳ್ಳಗೆ ಮೂಡುತ್ತದೆ, ಆಮೇಲೆ ಕೈಯಿಂದ ತಿದ್ದಿದರೆ ನೋಟ ಇನ್ನಷ್ಟು ವಿಚಿತ್ರ. ಇದೇ ಕುರುಡಿನಿಂದಾಗಿ ನಮ್ಮ ಕಡೆಯ ಹಳೆಯ ಫೋಟೊಗಳಲ್ಲೂ ಕೆಂಪು ಕುಂಕುಮ ಕಪ್ಪು ಬೊಟ್ಟಾಗಿ ಕಾಣುವುದು. ಇನ್ನು ಸ್ಪಷ್ಟವಾಗಿ ಮೂಡಿದ ಮಗು ಸತ್ತಿರಲೇಬೇಕು ಎನ್ನುವವರು, ನಿದ್ದೆಯಲ್ಲಿರುವ ಮಗುವೂ ಅಷ್ಟೇ ಸ್ಪಷ್ಟವಾಗಿ ಮೂಡುತ್ತದೆ ಎಂಬುದನ್ನು ಮರೆಯುತ್ತಾರೆ. 1880ರ ದಶಕದಲ್ಲಿ ಡ್ರೈ ಪ್ಲೇಟ್ (ಮೊದಲೇ ಸಿದ್ಧಪಡಿಸಿ ಒಣಗಿಸಿಟ್ಟ ಗಾಜಿನ ಪ್ಲೇಟು) ಬಳಕೆಗೆ ಬಂದು, ಒಳ್ಳೆಯ ಬೆಳಕಿನಲ್ಲಿ ಸೆಕೆಂಡಿನ ಒಂದು ಪಾಲು ಸಾಕಾದ ಮೇಲೆ ಈ ಆಸರೆಗಳ ಅಗತ್ಯವೇ ಕಡಿಮೆಯಾಯಿತು.

ಇಂಥ ಚಿತ್ರಗಳನ್ನು ಅಚ್ಚು ಹಾಕುವಾಗ ದಯವಿಟ್ಟು ಅಂಚು ಕತ್ತರಿಸಬೇಡಿ. ಕಂಬಳಿ ಮುಗಿದು ಹುಲ್ಲು ಶುರುವಾಗುವುದು, ಗಾಳಿಗೆ ಮಸುಕಾದ ಎಲೆಗಳು, ಎಲ್ಲವೂ ಕಾಣುವುದು ಅಲ್ಲೇ.

– ಹಳೆಯ ಛಾಯಾಚಿತ್ರಗಳ ಆಸಕ್ತರು, ಮೈಸೂರು