ನ್ಯಾಚೆಜ್ ಊರನ್ನು ನನಗೆ ತೋರಿಸಿದವರಿಗೆ

ಕಳೆದ ಶನಿವಾರ ನ್ಯಾಚೆಜ್‌ನ ಹಳೆ ಬೀದಿಗಳಲ್ಲಿ 14 ಜನರನ್ನು ಕರೆದುಕೊಂಡು ಹೋಗಿ, ಕನ್ನಡದಲ್ಲಿ ಊರು ತೋರಿಸಿದೆ. ಜ್ಯಾಕ್ಸನ್‌ನಿಂದ, ಬ್ಯಾಟನ್ ರೂಜ್‌ನಿಂದ ಬೆಳಗ್ಗೆಯೇ ಹೊರಟು ಬಂದಿದ್ದ ನಮ್ಮವರು. ಮೂರು ಗಂಟೆ ನಡೆದೆವು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಯಾರ್ಯಾರ ಋಣ ಇದೆ ನನ್ನ ಮೇಲೆ ಅಂತ ಒಬ್ಬೊಬ್ಬರನ್ನೇ ನೆನೆಸಿಕೊಳ್ಳುತ್ತಾ ಇದ್ದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನ್ಯಾಚೆಜ್ ಅಮೆರಿಕದ ದಕ್ಷಿಣದ ಒಂದು ಪುಟ್ಟ ಊರು. ಮಿಸಿಸಿಪ್ಪಿ ನದಿಯ ದಡದಲ್ಲಿ ಎತ್ತರದ ಮಣ್ಣಿನ ದಿಬ್ಬದ ಮೇಲೆ ಕೂತಿದೆ. 1716ರಲ್ಲಿ ಫ್ರೆಂಚರು ಇಲ್ಲಿ ಕೋಟೆ ಕಟ್ಟಿದರು. ಅದಕ್ಕೂ ಮೊದಲು ನ್ಯಾಚೆಜ್ ಅನ್ನೋ ಮೂಲನಿವಾಸಿಗಳ ನೆಲ ಇದು, ಊರಿಗೆ ಹೆಸರೂ ಅವರದ್ದೇ. ಈಗ ಜನ 15 ಸಾವಿರವೂ ಇಲ್ಲ. ನನ್ನ ಗಂಡನಿಗೆ ಇಲ್ಲಿ ಕೆಲಸ ಸಿಕ್ಕಿ ಬಂದೆವು. ನನಗೆ ಕೆಲಸ ಮಾಡುವ ವೀಸಾ ಇರಲಿಲ್ಲ. 2021ರಲ್ಲಿ ಅರಸೀಕೆರೆಯಲ್ಲಿ ಅಮ್ಮ ತೀರಿಕೊಂಡರು, ಹೋಗೋಕೆ ಆಗಲಿಲ್ಲ. ಮೂರು ತಿಂಗಳಾದ ಮೇಲೆ ವಾಟ್ಸಾಪ್‌ನಲ್ಲಿ ಒಂದು ಫೋಟೋ ಬಂತು. ನಮ್ಮ ಹೆಂಚಿನ ಮನೆಯ ಜಗಲಿ ಇದ್ದ ಜಾಗದಲ್ಲಿ ಜೆಸಿಬಿ ನಿಂತಿತ್ತು.

ಮೊದಲ ನಮಸ್ಕಾರ ಪಕ್ಕದ ಮನೆಯ ಟೀಚರ್ ಅಮ್ಮನಿಗೆ. ಇಲ್ಲಿಯೇ ಹುಟ್ಟಿ, ಇಲ್ಲಿಯೇ ಮೂವತ್ತು ವರ್ಷ ಪಾಠ ಹೇಳಿದ ಕರಿಯ ಸಮುದಾಯದ ಹಿರಿಯರು. ಡಬ್ಬಿಯಲ್ಲಿ ಕೇಕ್ ಹಿಡಿದು ಬಂದಿದ್ದರು. ಫೋಟೋ ತೋರಿಸಿ ಅತ್ತುಬಿಟ್ಟೆ. ಅವರು ಸಮಾಧಾನದ ಮಾತೇನೂ ಆಡಲಿಲ್ಲ. ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದು, "ಶೂ ಹಾಕ್ಕೋ ಮಗಳೇ, ಹೋಗೋಣ" ಅಂದರು.

ನ್ಯಾಚೆಜ್ ಅಂದರೆ ಎಲ್ಲರಿಗೂ ಗೊತ್ತಿರೋದು ದೊಡ್ಡ ದೊಡ್ಡ ಕಂಬಗಳ ಬಿಳಿ ಮನೆಗಳು. ಹತ್ತಿ ಬೆಳೆದು ಹಣ ಮಾಡಿದವರ ಬಂಗಲೆಗಳು. 1932ರಿಂದ ವಸಂತಕಾಲದಲ್ಲಿ ಆ ಮನೆಗಳ ಬಾಗಿಲು ತೆರೆದು ಊರಿಗೆ ಬಂದವರಿಗೆ ತೋರಿಸುತ್ತಾರೆ. ಟೀಚರ್ ಅಮ್ಮ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಲಿಲ್ಲ. ಸೇಂಟ್ ಕ್ಯಾಥರೀನ್ ಬೀದಿಯ ಕೊನೆಯಲ್ಲಿ ಒಂದು ಹುಲ್ಲಿನ ಬಯಲು ಇದೆ, ಅಲ್ಲಿ ನಿಲ್ಲಿಸಿದರು. ಅದರ ಹೆಸರು ಫೋರ್ಕ್ಸ್ ಆಫ್ ದ ರೋಡ್. ಒಂದು ಕಾಲದಲ್ಲಿ ಮನುಷ್ಯರನ್ನು ಮಾರುತ್ತಿದ್ದ ಸಂತೆ. 1833ರಲ್ಲಿ ಕಾಲರಾ ಭಯಕ್ಕೆ ಗುಲಾಮರ ವ್ಯಾಪಾರಿಗಳನ್ನು ಊರಾಚೆ ಕಳಿಸಿದಾಗ ವ್ಯಾಪಾರ ಇಲ್ಲಿ ನೆಲೆ ನಿಂತಿತು. ವರ್ಜೀನಿಯಾ ಕಡೆಯಿಂದ ನಡೆಸಿಕೊಂಡು, ಹಡಗಲ್ಲಿ ತುಂಬಿಕೊಂಡು ತಂದು ಮಾರುತ್ತಿದ್ದರು. ಅಮೆರಿಕದ ಅಂತರ್ಯುದ್ಧದಲ್ಲಿ, 1863ರಲ್ಲಿ, ಉತ್ತರದ ರಾಜ್ಯಗಳ ಸೈನ್ಯ ಬರುವ ತನಕವೂ ನಡೆಯಿತು. ಕಟ್ಟಡ ಒಂದೂ ಉಳಿದಿಲ್ಲ. ನೆಲದ ಕಾಂಕ್ರೀಟಿನಲ್ಲಿ ಹೂತಿರುವ ಸರಪಳಿ ಮಾತ್ರ ಕಾಣುತ್ತದೆ. ಊರಿನ ಕೆಲವರು ವರ್ಷಗಟ್ಟಲೆ ಬೆನ್ನುಹತ್ತಿದ್ದರಿಂದ 2021ರಲ್ಲಿ ಈ ಜಾಗ ರಾಷ್ಟ್ರೀಯ ಉದ್ಯಾನಕ್ಕೆ ಸೇರಿತು. ಅವರಿಗೆಲ್ಲ ನನ್ನ ಕೈಮುಗಿದ ವಂದನೆ.

ಅದೇ ಬೀದಿಯಲ್ಲಿ ರಿದಮ್ ಕ್ಲಬ್ ಇತ್ತು. 1940ರ ಏಪ್ರಿಲ್ 23ರ ರಾತ್ರಿ ಕರಿಯ ಸಮುದಾಯದವರ ಸಂಗೀತದ ಕಾರ್ಯಕ್ರಮ ನಡೆಯುವಾಗ ಬೆಂಕಿ ಬಿತ್ತು. ಅಲಂಕಾರಕ್ಕೆ ಚಾವಣಿಯಿಂದ ಇಳಿಬಿಟ್ಟಿದ್ದ ಒಣ ಪಾಚಿಗೆ ಕಿಡಿ ತಗುಲಿತ್ತು. ಕಿಟಕಿಗಳಿಗೆ ಹಲಗೆ ಬಡಿದಿದ್ದರು. 209 ಜನ ಸತ್ತರು. ಟೀಚರ್ ಅಮ್ಮನ ತಾಯಿಯ ಗೆಳತಿಯರೂ ಅವರಲ್ಲಿ ಇದ್ದರಂತೆ. "ಈ ಬೀದಿ ನೋಡಿದ ಮೇಲೆ ಬಂಗಲೆ ನೋಡು, ಆಗ ಕಾಣುತ್ತೆ" ಅಂದರು. ನಾನು ಶನಿವಾರ ನಮ್ಮವರನ್ನು ನಡೆಸಿದ್ದೂ ಇದೇ ಕ್ರಮದಲ್ಲಿ. ಟೀಚರ್ ಅಮ್ಮಾ, ಮೊದಲು ಏನು ನೋಡಬೇಕು, ಆಮೇಲೆ ಏನು ನೋಡಬೇಕು ಅಂತ ಕಲಿಸಿದಿರಲ್ಲ, ಅದಕ್ಕೆ ನಾನು ಎಷ್ಟು ಕೃತಜ್ಞತೆ ಹೇಳಿದರೂ ಸಾಲದು.

ಎರಡನೆಯವರು ಹಳೆ ಗೋಡೆ ರಿಪೇರಿ ಮಾಡುವ ಮೇಸ್ತ್ರಿ. ದಾರಿಯಲ್ಲಿ ನಿಂತು ನೋಡುತ್ತಿದ್ದ ನನ್ನನ್ನು ಹತ್ತಿರ ಕರೆದು ಕೈಗೆ ಒಂದು ಮೊಳೆ ಕೊಟ್ಟರು. ಇಟ್ಟಿಗೆಗಳ ನಡುವೆ ಕೆರೆದೆ. ಬಿಳಿ ಪುಡಿ ಉದುರಿತು. ಮೂಸಿ ನೋಡಿದೆ. ಅರಸೀಕೆರೆಯ ಹಿತ್ತಿಲ ಗೋಡೆಯ ಅದೇ ವಾಸನೆ! ಸುಣ್ಣ, ಮರಳು. "ಇದಕ್ಕೆ ನಮ್ಮಲ್ಲಿ ಗಾರೆ ಅಂತೀವಿ" ಅಂದೆ. ಅವರು "ಗಾರೆ, ಗಾರೆ" ಅಂತ ಎರಡು ಸಲ ಹೇಳಿಕೊಂಡರು. ಹಳೆ ಇಟ್ಟಿಗೆ ಮೆತ್ತಗೆ, ಗಾರೆ ಅದಕ್ಕಿಂತ ಮೆತ್ತಗೆ, ಹಾಗಾಗಿ ಗೋಡೆ ಹೀರಿದ ನೀರು ಗಾರೆಯ ಮೂಲಕ ಆರಿಹೋಗುತ್ತೆ. ಅದರ ಮೇಲೆ ಸಿಮೆಂಟ್ ಬಳಿದರೆ ನೀರಿಗೆ ದಾರಿ ಇಲ್ಲ, ಇಟ್ಟಿಗೆಯ ಮುಖವೇ ಸಿಪ್ಪೆ ಸಿಪ್ಪೆಯಾಗಿ ಕಿತ್ತು ಬರುತ್ತೆ. ಊರಲ್ಲಿ ನಮ್ಮ ಅಜ್ಜ ಸಿಮೆಂಟ್ ಬೇಡ ಅಂತ ಹಟ ಹಿಡಿದಿದ್ದರು. ಯಾಕೆ ಅಂತ ನನಗೆ ಅರ್ಥವಾಗಿದ್ದು ಮಿಸಿಸಿಪ್ಪಿಯಲ್ಲಿ.

ಮೇಸ್ತ್ರಿ ಇನ್ನೊಂದು ತೋರಿಸಿದರು. ಒಂದು ಇಟ್ಟಿಗೆಯ ಅಂಚಿನಲ್ಲಿ ಮೂರು ಬೆರಳ ಗುಳಿ. ಹಸಿ ಇಟ್ಟಿಗೆ ಎತ್ತಿಡುವಾಗ ಬಿದ್ದ ಗುರುತು. ಈ ಕಡೆ ಆ ಕಾಲದ ಇಟ್ಟಿಗೆ ಕೆಲಸ ಮಾಡಿದವರಲ್ಲಿ ಜಾಸ್ತಿ ಜನ ಗುಲಾಮರು. ಗುಳಿಗಳು ಚಿಕ್ಕವು, ನನ್ನ ಕಿರುಬೆರಳು ಕೂಡ ಅದರಲ್ಲಿ ಹಿಡಿಸಲಿಲ್ಲ. ಅದನ್ನು ಒತ್ತಿದ್ದು ಒಂದು ಮಗು.

ಈಗ ಮ್ಯೂಸಿಯಂ ಆಗಿರುವ ವಿಲಿಯಂ ಜಾನ್ಸನ್ ಮನೆಯಲ್ಲಿ ನನ್ನ ನೂರು ಪ್ರಶ್ನೆಗೂ ಬೇಸರವಿಲ್ಲದೆ ಉತ್ತರ ಕೊಟ್ಟ ಸಿಬ್ಬಂದಿಗೂ ಧನ್ಯವಾದ. ಜಾನ್ಸನ್ ಗುಲಾಮನಾಗಿ ಹುಟ್ಟಿ, 1820ರಲ್ಲಿ ಬಿಡುಗಡೆಯಾಗಿ, ಕ್ಷೌರದ ಅಂಗಡಿ ಇಟ್ಟು ಬೆಳೆದವನು. 1835ರಿಂದ 1851ರಲ್ಲಿ ಕೊಲೆಯಾಗುವ ತನಕ ದಿನಚರಿ ಬರೆದ. 1840ರ ಸುಂಟರಗಾಳಿಗೆ ಊರಲ್ಲೂ ನದಿಯ ದೋಣಿಗಳಲ್ಲೂ ಸೇರಿ 300ಕ್ಕೂ ಹೆಚ್ಚು ಜನ ಸತ್ತರು. ಆಗ ಬಿದ್ದ ಕಟ್ಟಡಗಳ ಇಟ್ಟಿಗೆ ಆಯ್ದು ತಂದು ಈ ಮನೆ ಕಟ್ಟಿಸಿದ. ಅದೇ ಜಾನ್ಸನ್ ತಾನೂ ಗುಲಾಮರನ್ನು ಇಟ್ಟುಕೊಂಡಿದ್ದ. ಅದನ್ನೂ ಮುಚ್ಚಿಡದೆ ಹೇಳಿದರು. ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಅಲ್ಲಿ.

ಆ ಬಂಗಲೆಗಳಲ್ಲಿ ಒಂದಾದ ಲಾಂಗ್‌ವುಡ್‌ಗೆ ಆರು ಸಲ ಹೋಗಿದ್ದೇನೆ. ಎಂಟು ಮೂಲೆಯ ಮನೆ. ಅಂತರ್ಯುದ್ಧ ಶುರುವಾದ 1861ರಲ್ಲಿ ಉತ್ತರದಿಂದ ಬಂದಿದ್ದ ಕೆಲಸಗಾರರು ಉಪಕರಣ ಬಿಟ್ಟು ಊರಿಗೆ ಹೋದರು. 32 ಕೋಣೆಗಳಲ್ಲಿ ಮುಗಿದಿದ್ದು ಕೆಳಗಿನ 9 ಮಾತ್ರ. ಮೇಲೆ ಹತ್ತಿದರೆ ಬರೀ ಇಟ್ಟಿಗೆ, ತೊಲೆ, ಮರದ ಪೆಟ್ಟಿಗೆ. ಮನೆ ಕಟ್ಟಿಸಿದ ಹಾಲರ್ ನಟ್ 1864ರಲ್ಲಿ ತೀರಿಕೊಂಡ. ಮನೆಯವರು ಕೆಳಗಿನ ಅಂತಸ್ತಿನಲ್ಲೇ ಬದುಕಿದರು.

ಮನೆಯಲ್ಲಿ ಮಗುವನ್ನು ನೋಡಿಕೊಂಡು ನನ್ನನ್ನು ಶನಿವಾರಗಳಿಗೆ ಬಿಟ್ಟುಕೊಟ್ಟ ಗಂಡನಿಗೆ, ಫೋನಿನಲ್ಲಿ ನನ್ನ ಕನ್ನಡ ವಿವರಣೆ ಕೇಳಿ "ಅರ್ಥ ಆಗಲಿಲ್ಲ, ಇನ್ನೊಂದು ಸಲ ಹೇಳಮ್ಮ" ಅಂತ ತಿದ್ದಿಸಿದ ಅತ್ತೆಗೆ, ದೂರದಿಂದ ಬಂದು ಬಿಸಿಲಲ್ಲಿ ನಡೆದ 14 ಜನಕ್ಕೂ ನಾನು ಋಣಿ. ನಿಮ್ಮಲ್ಲಿ ಒಬ್ಬ ಪುಟ್ಟ ಹುಡುಗ ಆ ಇಟ್ಟಿಗೆಯ ಗುಳಿಗಳಲ್ಲಿ ಬೆರಳಿಟ್ಟ. ಮೂರೂ ಬೆರಳು ಸರಿಯಾಗಿ ಕೂತವು. ಅವನ ಅಮ್ಮ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಯಾರೂ ಮಾತಾಡಲಿಲ್ಲ.

ಟೀಚರ್ ಅಮ್ಮ ಈಗ ಕೋಲು ಹಿಡಿದು ನಡೆಯುತ್ತಾರೆ. ಅವತ್ತು ನಾವು ವಾಪಸ್ ಬರುವ ತನಕ ತಮ್ಮ ಜಗಲಿಯಲ್ಲೇ ಕಾದಿದ್ದರು. ಅದಕ್ಕೆ ಇಲ್ಲಿಯವರು ಗ್ಯಾಲರಿ ಅಂತಾರೆ. ಅವರ ಕೇಕ್ ಡಬ್ಬಿ ಇನ್ನೂ ನನ್ನ ಹತ್ತಿರವೇ ಇದೆ. ಖಾಲಿ ಡಬ್ಬಿ ಹೇಗೆ ಕೊಡೋದು, ಅಲ್ವಾ? ಭಾನುವಾರ ಚಿತ್ರಾನ್ನ ತುಂಬಿಕೊಂಡು ಹೋಗಿ, ಅಲ್ಲೇ ಕೂತು ಇದನ್ನೆಲ್ಲ ಅವರಿಗೆ ಇಂಗ್ಲಿಷ್‌ನಲ್ಲಿ ಓದಿ ಹೇಳುತ್ತೇನೆ.